ವಾರಾಂತ್ಯಕ್ಕೊಂದು ಸ್ವಂತ ವಿಮಾನ: ಲೆಕ್ಕಕ್ಕೆ ಬರುತ್ತದೆಯೇ?

ಬುಟಿಬೋರಿ ಎಂದರೆ ನಾಗಪುರದ ದಕ್ಷಿಣಕ್ಕಿರುವ ಎಂ.ಐ.ಡಿ.ಸಿ. ಕಾರ್ಖಾನೆಗಳ ಊರು. ಇಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರಿಗೆ ಒಂದು ಸಮಾಧಾನವಿದೆ. ಊರ ಮುಂದಿನ ಹೆದ್ದಾರಿ (ಹಳೆಯ ಎನ್.ಎಚ್. 7, ಈಗಿನ 44) ನೆಟ್ಟಗೆ ಬೆಂಗಳೂರಿಗೇ ಹೋಗುತ್ತದೆ. ಆದರೆ ದೂರ ಸುಮಾರು 1,100 ಕಿ.ಮೀ.! ಶನಿವಾರ ಹೊರಟು ಭಾನುವಾರ ಮುಟ್ಟಿದರೆ, ಒಂದು ಲೋಟ ಕಾಫಿ ಕುಡಿದು ಹಿಂದಕ್ಕೆ ತಿರುಗಬೇಕು. ಊರಲ್ಲಿ ವಯಸ್ಸಾದ ಅಪ್ಪ-ಅಮ್ಮ ಇರುವವರಿಗೆ ಈ ಸಂಕಟ ಗೊತ್ತು. ಹಾಗಾಗಿ ನಾಲ್ಕು ಜನ ಸೇರಿದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ನಮ್ಮದೇ ಒಂದು ಪುಟ್ಟ ವಿಮಾನ ಇದ್ದಿದ್ದರೆ?"

ದುಡ್ಡಿದ್ದವರಿಗೆ ಇದು ತಮಾಷೆಯ ಮಾತಲ್ಲ. ಉತ್ತರ ಬೇಕಿದ್ದರೆ ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ದೇಶದಲ್ಲಿ ಹಾರಾಟ ಶುರುವಾದದ್ದೇ ಶ್ರೀಮಂತರ ಹವ್ಯಾಸವಾಗಿ. 1928ರಲ್ಲಿ ದೆಹಲಿ, ಮುಂಬಯಿಗಳಲ್ಲಿ ಫ್ಲೈಯಿಂಗ್ ಕ್ಲಬ್‌ಗಳು ಬಂದವು. 1929ರ ಫೆಬ್ರವರಿ 10ರಂದು ಜೆ.ಆರ್.ಡಿ. ಟಾಟಾ ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಪಡೆದರು. ದುಡ್ಡಿಗೇನು ಕೊರತೆ? ವಾರಾಂತ್ಯಕ್ಕೆ ಬೇಕಾದಲ್ಲಿಗೆ ಹಾರಿಕೊಂಡು ಇರಬಹುದಿತ್ತು. ಅವರು ಮಾಡಿದ್ದೇ ಬೇರೆ. 1932ರ ಅಕ್ಟೋಬರ್ 15ರಂದು ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಟಪಾಲು ಹೇರಿಕೊಂಡು ಕರಾಚಿಯಿಂದ ಮುಂಬಯಿಗೆ ಬಂದರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿಂಟ್ಸೆಂಟ್ ಟಪಾಲನ್ನು ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಮೊದಲ ವರ್ಷದಲ್ಲಿ 155 ಪ್ರಯಾಣಿಕರು, ಸುಮಾರು 10 ಟನ್ ಟಪಾಲು, 60,000 ರೂಪಾಯಿ ಲಾಭ. ಅಂದರೆ ಟಾಟಾ ಅಂಥವರಿಗೂ ವಿಮಾನ ಲೆಕ್ಕಕ್ಕೆ ಬಂದದ್ದು ಅದು ಊರವರ ಕಾಗದ ಹೊತ್ತಾಗ!

ನಾಗಪುರದ ಕಥೆಯೂ ಹೀಗೆಯೇ. 1949ರ ಜನವರಿಯಲ್ಲಿ ರಾತ್ರಿ ಟಪಾಲು ವಿಮಾನ ಸೇವೆ ಶುರುವಾಯಿತು. ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ಸೋನೆಗಾಂವ್ ನಿಲ್ದಾಣದಲ್ಲಿ ಸೇರುವುದು, ಚೀಲ ಬದಲಾಯಿಸಿಕೊಂಡು ತಮ್ಮ ತಮ್ಮ ಊರಿಗೆ ಮರಳುವುದು. ದೇಶದ ನಟ್ಟನಡುವೆ ಇರುವುದರ ಲಾಭ ನೋಡಿ.

ಇನ್ನು ಹವ್ಯಾಸಿಗಳ ಪಾಡು? ಅವರಿಗೆ ಕ್ಲಬ್ಬೇ ಗತಿ. ನಾಗಪುರದಲ್ಲೂ ಒಂದು ಫ್ಲೈಯಿಂಗ್ ಕ್ಲಬ್ ಇದೆ. ಇಂಥ ಕ್ಲಬ್‌ಗಳಿಗೆಂದೇ ಬೆಂಗಳೂರಿನ ಎಚ್.ಎ.ಎಲ್. 'ಪುಷ್ಪಕ್' ಎಂಬ ಎರಡು ಸೀಟಿನ ವಿಮಾನ ಮಾಡಿತು. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಅದು ಮೊದಲು ಹಾರಿದ್ದು 1958ರ ಸೆಪ್ಟೆಂಬರ್‌ನಲ್ಲಿ. 90 ಅಶ್ವಶಕ್ತಿಯ ಎಂಜಿನ್, ಬಟ್ಟೆ ಹೊದಿಸಿದ ಮೈ. ಸುಮಾರು 150 ವಿಮಾನ ತಯಾರಾದವು. ಆಮೇಲೆ ಬೆಂಗಳೂರಿನದೇ ಎನ್.ಎ.ಎಲ್. 'ಹಂಸ' ಮಾಡಿತು. 1993ರಲ್ಲಿ ಅದರ ಮೊದಲ ಹಾರಾಟ. ಅದೂ ಕಲಿಸುವುದಕ್ಕೆಂದು ಬಂದದ್ದೇ. ಸಂಸಾರ ಕೂರಿಸಿಕೊಂಡು ಊರಿಗೆ ಹೋಗುವುದಕ್ಕಲ್ಲ.

ಯಾಕೆ ಕ್ಲಬ್ಬೇ ಗತಿ ಅಂದರೆ, ವಿಮಾನದ ಖರ್ಚು ಪೆಟ್ರೋಲಿನದ್ದಷ್ಟೇ ಅಲ್ಲ. ನಿಲ್ಲಿಸುವ ಜಾಗದ ಬಾಡಿಗೆ, ವಿಮೆ, ಎಂಜಿನಿಯರ್ ಬಂದು ಮಾಡುವ ಕಡ್ಡಾಯ ತಪಾಸಣೆ... ಇವೆಲ್ಲ ಹಾರಿದರೂ ಬಂತು, ಹಾರದಿದ್ದರೂ ಬಂತು. ಕ್ಲಬ್ಬಿನ ವಿಮಾನ ವರ್ಷಕ್ಕೆ 500 ಗಂಟೆ ಹಾರಿ, ವಾರಾಂತ್ಯದ ಮಾಲೀಕ 50 ಗಂಟೆ ಹಾರಿದರೆ, ಗಂಟೆಗೆ ಬೀಳುವ ಈ ಖರ್ಚು ಮಾಲೀಕನಿಗೆ ಹತ್ತು ಪಟ್ಟು! ಟಿಕೆಟ್ ಮಾರಿ ತುಂಬಿಕೊಳ್ಳೋಣ ಎಂದರೆ, ಖಾಸಗಿ ಲೈಸೆನ್ಸ್ ಇದ್ದವರು ದುಡ್ಡು ತೆಗೆದುಕೊಂಡು ಯಾರನ್ನೂ ಕರೆದೊಯ್ಯುವಂತಿಲ್ಲ. ಆ ಲೈಸೆನ್ಸಿಗೇ ಕನಿಷ್ಠ 40 ಗಂಟೆ ಹಾರಾಟ ಬೇಕು.

ಸಮಯವಾದರೂ ಉಳಿಯುತ್ತದೆಯೇ? ಕ್ಲಬ್‌ಗಳಲ್ಲಿ ಕಾಣುವ ಸೆಸ್ನಾ 152 ಗಂಟೆಗೆ 195 ಕಿ.ಮೀ. ಆಸುಪಾಸು ಹೋಗುತ್ತದೆ. ಮೊದಲು ಬುಟಿಬೋರಿಯಿಂದ ಉತ್ತರಕ್ಕೆ, ಸೋನೆಗಾಂವ್‌ಗೆ ಕಾರಿನಲ್ಲಿ ಹೋಗಬೇಕು. ಬೆಂಗಳೂರಿಗೆ ಗಾಳಿಯಲ್ಲಿ 900 ಕಿ.ಮೀ.ಗೂ ಹೆಚ್ಚು. ಒಂದೇ ಟ್ಯಾಂಕಿನಲ್ಲಿ ಆಗದ ಮಾತು, ಹೈದರಾಬಾದಿನಲ್ಲಿ ಇಳಿಯಬೇಕು. ಒಟ್ಟು ಐದು ಗಂಟೆ ಹಾರಾಟ, ನಿಲುಗಡೆ ಬೇರೆ. ಮಳೆಗಾಲದಲ್ಲಿ ಮೋಡ ಕವಿದರೆ ಬರಿಗಣ್ಣಿನ ಹಾರಾಟ ಬಂದ್. ಮೇ ತಿಂಗಳ 45 ಡಿಗ್ರಿ ಬಿಸಿಲಿಗೆ ಗಾಳಿ ತೆಳ್ಳಗಾಗಿ ಪುಟ್ಟ ವಿಮಾನ ಮೇಲೇಳಲು ಒದ್ದಾಡುತ್ತದೆ. ಸೋಮವಾರ ಶಿಫ್ಟಿಗೆ ಹಾಜರಾಗಲೇಬೇಕು ಎಂಬ ಆತುರದಲ್ಲಿ ಕೆಟ್ಟ ಹವೆಯಲ್ಲಿ ಹೊರಡುವುದಿದೆಯಲ್ಲ, ಅದರ ಬೆಲೆ ರೂಪಾಯಿಯಲ್ಲಿ ಇರುವುದಿಲ್ಲ.

ಹಾಗಾದರೆ ನಮ್ಮಂಥವರು ಹಾರಿದ್ದು ಯಾವಾಗ? ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಬಾಡಿಗೆ ಹೆಲಿಕಾಪ್ಟರ್ ಸೇವೆ ಆರಂಭಿಸಿದರು. 2003ರ ಆಗಸ್ಟ್‌ನಲ್ಲಿ ಬೆಂಗಳೂರು-ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ಹಾರಿಸಿದರು. ಆ ಕಂಪನಿ 2008ರಲ್ಲಿ ಕಿಂಗ್‌ಫಿಶರ್ ಜೊತೆ ವಿಲೀನವಾಗಿ ಹೋಯಿತು, ನಿಜ. ಆದರೆ ಖರ್ಚನ್ನು ಹತ್ತಾರು ಸೀಟುಗಳಿಗೆ ಹಂಚುವ ದಾರಿ ನಿಂತಿತು. ಇವತ್ತು ನಾಗಪುರದಿಂದ ಬೆಂಗಳೂರಿಗೆ ಎರಡು ಗಂಟೆಯೊಳಗೆ ಮುಟ್ಟುತ್ತೇವಲ್ಲ, ಅದು ಆ ದಾರಿಯಲ್ಲೇ.

ಹಾರುವ ಆಸೆ ಇದ್ದರೆ ಖಂಡಿತ ಕಲಿಯಿರಿ. ಕ್ಲಬ್ಬಿಗೆ ಸೇರಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಹಾರಿ. ಆ ಸುಖಕ್ಕೆ ಅಷ್ಟು ಬೆಲೆ ಕೊಡಬಹುದು. ಆದರೆ ಊರಿಗೆ ಹೋಗುವುದಕ್ಕೆಂದು ವಿಮಾನ ಕೊಳ್ಳಬೇಡಿ. ಆ ದುಡ್ಡಿನಲ್ಲಿ ಪ್ರತಿ ತಿಂಗಳೂ ಟಿಕೆಟ್ ತೆಗೆದು ಅಪ್ಪ-ಅಮ್ಮನನ್ನು ನೋಡಿಬರಬಹುದು, ಏನಂತೀರಿ?