ವ್ಯಸನ ತಡೆಯುವ ಕೆಲಸಕ್ಕೂ ತರಬೇತಿ ಬೇಕು: ಎಲ್ಲಿ ಸಿಗುತ್ತೆ, ಏನು ಕಲಿಸ್ತಾರೆ, ಅಂಗಡಿಯವರಿಗೆ ಏನು ಸಂಬಂಧ?

ಪ್ರತಿ ವರ್ಷ ಜೂನ್ 26 ಬಂತೆಂದರೆ ತಾಲೂಕು ಕೇಂದ್ರಗಳಲ್ಲಿ ಒಂದೇ ದೃಶ್ಯ. ಮಕ್ಕಳ ಕೈಯಲ್ಲಿ ಫಲಕ, ತಾಲೂಕು ಕಚೇರಿಯಿಂದ ಬಸ್ ನಿಲ್ದಾಣದವರೆಗೆ ಜಾಥಾ, ಪ್ರತಿಜ್ಞಾ ವಿಧಿ, ಗಣ್ಯರ ಭಾಷಣ, ಕೊನೆಗೆ ಬಿಸ್ಕೆಟ್-ಟೀ. ವಿಶ್ವಸಂಸ್ಥೆ 1987ರಲ್ಲಿ ಗೊತ್ತು ಮಾಡಿದ ಮಾದಕ ವಸ್ತು ವಿರೋಧಿ ದಿನ ಮಧ್ಯಾಹ್ನದ ಹೊತ್ತಿಗೆ ಮುಗಿದಿರುತ್ತದೆ. ಮಾರನೇ ದಿನ ಒಬ್ಬ ತಾಯಿ ಶಾಲೆಗೆ ಬಂದು, ‘ಮೇಷ್ಟ್ರೇ, ನನ್ನ ಮಗನ ಬ್ಯಾಗಲ್ಲಿ ಏನೋ ಸಿಕ್ತು, ಏನು ಮಾಡ್ಲಿ?’ ಎಂದು ಕೇಳಿದರೆ ಉತ್ತರ ಹೇಳುವವರು ಯಾರು? ಮೇಷ್ಟ್ರಿಗೂ ಗೊತ್ತಿರುವುದಿಲ್ಲ, ಆಶಾ ಕಾರ್ಯಕರ್ತೆಗೂ ಗೊತ್ತಿರುವುದಿಲ್ಲ. ಬೈದು ಕಳಿಸುವುದು, ಇಲ್ಲವೇ ಪೊಲೀಸರಿಗೆ ಹೇಳ್ತೀವಿ ಎಂದು ಹೆದರಿಸುವುದು, ಇವೆರಡೇ ದಾರಿ ಎಂಬಂತಾಗಿದೆ. ಈ ಕೆಲಸಕ್ಕೂ ಒಂದು ಕಲಿಕೆ ಇದೆ, ಕಲಿಸುವ ಸಂಸ್ಥೆಗಳಿವೆ.

ಎಷ್ಟು ಜನರಿಗೆ ನೆರವು ಬೇಕು?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ. 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಗಂಡಸರಲ್ಲಿ ಈ ಪ್ರಮಾಣ ಶೇ. 27.3, ಹೆಂಗಸರಲ್ಲಿ ಶೇ. 1.6. ಕುಡಿತದಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು 5.7 ಕೋಟಿ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ರೀತಿಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರ ಪಾಲಿಗೆ ಮನೆಯವರು, ನೆರೆಯವರು, ಊರ ಹಿರಿಯರೇ ಡಾಕ್ಟರು.

ಇನ್ನೊಂದು ಅಂಕಿ ಅಂಗಡಿಯವರು ಗಮನಿಸಬೇಕಾದದ್ದು. ಮೂಸುವ ನಶೆ, ಅಂದರೆ ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಥಿನ್ನರ್ ಇತ್ಯಾದಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು. ದೊಡ್ಡವರಲ್ಲಿ ಶೇ. 0.58 ಇದ್ದರೆ 10ರಿಂದ 17 ವರ್ಷದವರಲ್ಲಿ ಶೇ. 1.17. ಸಮೀಕ್ಷೆಯಲ್ಲಿ ದೊಡ್ಡವರನ್ನು ಮಕ್ಕಳು ಮೀರಿಸಿದ್ದು ಇದೊಂದರಲ್ಲೇ. ಕಾರಣ ಸರಳ: ಅಗ್ಗ, ಎಲ್ಲಾ ಕಡೆ ಸಿಗುತ್ತೆ, ಕೊಳ್ಳುವವನನ್ನು ಯಾರೂ ಅನುಮಾನಿಸುವುದಿಲ್ಲ.

ತರಬೇತಿಯ ಮೊದಲ ಪಾಠ: ಹೆದರಿಸಿದರೆ ಆಗಲ್ಲ

ನಮ್ಮ ಕಡೆಯ ಜಾಗೃತಿ ಕಾರ್ಯಕ್ರಮಗಳ ಮಾದರಿ ಎಲ್ಲರಿಗೂ ಗೊತ್ತು. ಕೊಳೆತ ಶ್ವಾಸಕೋಶದ ಚಿತ್ರ, ಒಂದು ಗಂಟೆ ಭಾಷಣ, ಆಮೇಲೆ ವ್ಯಸನ ಬಿಟ್ಟವರೊಬ್ಬರ ಅನುಭವ ಕಥನ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಹೊರತಂದ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜತೆ ಸೇರಿ ಪರಿಷ್ಕರಿಸಿದ ‘ಮಾದಕ ವಸ್ತು ಬಳಕೆ ತಡೆಯ ಅಂತಾರಾಷ್ಟ್ರೀಯ ಮಾನದಂಡಗಳು’ ಇದನ್ನು ಒಪ್ಪುವುದಿಲ್ಲ. ಬರೀ ಮಾಹಿತಿ ಕೊಡುವುದು, ಭಯ ಹುಟ್ಟಿಸುವುದು, ವ್ಯಸನ ಬಿಟ್ಟವರ ಕಥೆಯನ್ನಷ್ಟೇ ಕೇಳಿಸುವುದು ಇವುಗಳಿಂದ ಪ್ರಯೋಜನ ಕಾಣುವುದಿಲ್ಲ, ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ ಎಂದು ಅದು ಹೇಳುತ್ತದೆ. ಅಮೆರಿಕದಲ್ಲಿ 1983ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಶಾಲೆಗಳಲ್ಲಿ ಶುರು ಮಾಡಿದ ‘ಡೇರ್’ ಕಾರ್ಯಕ್ರಮ ದೇಶವೆಲ್ಲ ಹಬ್ಬಿತು. ಲೆಕ್ಕ ಹಾಕಿ ನೋಡಿದ ಅಧ್ಯಯನಗಳಲ್ಲಿ, ಅದರಲ್ಲಿ ಕಲಿತ ಮಕ್ಕಳಿಗೂ ಕಲಿಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಡೆಗೆ ಪಠ್ಯವನ್ನೇ ಬದಲಿಸಬೇಕಾಯಿತು.

ಹಾಗಾದರೆ ಏನು ಮಾಡಬೇಕು? ಮಕ್ಕಳ ಜತೆ ವಾರಕ್ಕೊಂದು ಅವಧಿಯಂತೆ ಹಲವು ವಾರ ಕೂತು, ಆಟ, ಸಂಭಾಷಣೆ, ಅಭಿನಯದ ಮೂಲಕ ‘ಬೇಡ’ ಅನ್ನುವುದನ್ನು ಅಭ್ಯಾಸ ಮಾಡಿಸಬೇಕು. ಹೈಸ್ಕೂಲ್ ಹುಡುಗನಿಗೆ ಗೆಳೆಯ ಸಿಗರೇಟು ನೀಡಿದಾಗ ಮುಖ ಮುರಿಯದೆ ಜಾರಿಕೊಳ್ಳುವುದು ಹೇಗೆ ಎಂಬುದು ಭಾಷಣದಿಂದ ಬರುವ ವಿದ್ಯೆಯಲ್ಲ. ಇನ್ನೊಂದು ಸಣ್ಣ ಉಪಾಯವೂ ಇದೆ. ‘ಈಗಿನ ಕಾಲದಲ್ಲಿ ಎಲ್ಲರೂ ಕುಡೀತಾರೆ’ ಎಂದು ವೇದಿಕೆಯ ಮೇಲೆ ಕೊರಗಿದರೆ ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ. ಮೇಲಿನ ಸಮೀಕ್ಷೆಯನ್ನೇ ತಿರುಗಿಸಿ ನೋಡಿದರೆ ನೂರರಲ್ಲಿ 85 ಜನ ಕುಡಿಯುವುದಿಲ್ಲ. ತರಬೇತಾದವರು ಈ ಸಂಖ್ಯೆಯನ್ನೇ ಮುಂದಿಡುತ್ತಾರೆ. ಶಿಕ್ಷಕರಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ‘ನವಚೇತನ’ ಕೈಪಿಡಿಗಳೂ ಜೀವನ ಕೌಶಲದ ದಾರಿಯಲ್ಲೇ ಇವೆ.

ಮಾತಾಡುವುದೂ ಒಂದು ವಿದ್ಯೆ

ಕುಡುಕನ ಎದುರು ನಿಂತು ‘ನಾಚ್ಕೆ ಆಗಲ್ವಾ ನಿಂಗೆ? ಹೆಂಡ್ತಿ ಮಕ್ಕಳ ಮುಖ ನೋಡೋ’ ಎಂದು ಗದರುವುದು ಊರಿನ ಪದ್ಧತಿ. ಅವನು ತಲೆ ತಗ್ಗಿಸಿ ಕೇಳ್ತಾನೆ, ಆ ಅವಮಾನ ಮರೆಯೋಕೆ ಸಂಜೆ ಮತ್ತೆ ಹೋಗ್ತಾನೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟು, ನಂತರ ಸ್ಟೀಫನ್ ರೋಲ್ನಿಕ್ ಜತೆ ಬೆಳೆಸಿದ ‘ಪ್ರೇರಣಾ ಸಂದರ್ಶನ’ ಎಂಬ ವಿಧಾನ ಇದಕ್ಕೆ ತದ್ವಿರುದ್ಧ. ಬಿಡಬೇಕಾದ ಕಾರಣಗಳನ್ನು ಕೌನ್ಸೆಲರ್ ಹೇಳುವುದಿಲ್ಲ, ಎದುರು ಕೂತವನ ಬಾಯಲ್ಲೇ ಬರುವಂತೆ ಕೇಳುತ್ತಾ ಹೋಗುತ್ತಾರೆ. ‘ಅಣ್ಣಾ, ಕುಡಿಯೋದರಿಂದ ನಿಮಗೆ ಏನು ಅನುಕೂಲ ಅನ್ಸುತ್ತೆ? ತೊಂದರೆ ಅಂತ ಏನಾದ್ರೂ ಇದೆಯಾ? ಮಗಳ ಫೀಸಿನ ವಿಷಯ ಹೇಳ್ತಿದ್ರಿ, ಅದಕ್ಕೂ ಇದಕ್ಕೂ ಸಂಬಂಧ ಇದೆ ಅನ್ಸುತ್ತಾ?’ ಓದೋಕೆ ಸುಲಭ. ಆದರೆ ಎದುರಿನವನು ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಿದ್ದೂ ಸಿಟ್ಟಾಗದೆ ಇಪ್ಪತ್ತು ನಿಮಿಷ ಕೂರುವುದು ಎಷ್ಟು ಕಷ್ಟ ಎಂಬುದು ಕೂತವರಿಗೇ ಗೊತ್ತು. ತರಬೇತಿಯಲ್ಲಿ ಒಬ್ಬರು ಕುಡುಕನಾಗಿ, ಇನ್ನೊಬ್ಬರು ಕೌನ್ಸೆಲರ್ ಆಗಿ ಇದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡ್ತಾರೆ.

ಅಳೆಯುವ ಪಟ್ಟಿಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಅಪಾಯದ ಗೆರೆ ಮುಟ್ಟಿದೆ ಎಂದರ್ಥ. ಸ್ವಲ್ಪ ಅಭ್ಯಾಸವಿದ್ದ ಆರೋಗ್ಯ ಕಾರ್ಯಕರ್ತೆ ಇದನ್ನು ಕೆಲವೇ ನಿಮಿಷದಲ್ಲಿ ಮುಗಿಸಬಹುದು.

ಗುಟ್ಟು ಕಾಪಾಡುವುದು ಮತ್ತೊಂದು ಪಾಠ. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ತಾಲೂಕಿನಲ್ಲಿ ಇದೇ ಅತಿ ಕಷ್ಟದ ಪಾಠವಿರಬೇಕು. ಒಬ್ಬರ ವಿಷಯ ಟೀ ಅಂಗಡಿಗೆ ತಲುಪಿದರೆ ಎರಡನೆಯವರು ಬರುವುದೇ ಇಲ್ಲ.

ಪ್ರಾಣಕ್ಕೇ ಕುತ್ತು ತರುವ ತಪ್ಪು

ತರಬೇತಿ ಇಲ್ಲದ ಸಹಾಯ ಹೇಗೆ ಅಪಾಯವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುವವರನ್ನು ಒಂದೇ ಸಲ ನಿಲ್ಲಿಸಿದರೆ ದೇಹ ತಡೆಯುವುದಿಲ್ಲ. ಕೊನೆಯ ಪೆಗ್ ಆದ ಕೆಲವು ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಜ್ಞಾನ ತಪ್ಪಿದಂತಾಗಿ, ಇಲ್ಲದ ಹುಳ, ಹಾವು, ಜನ ಕಾಣಿಸತೊಡಗುತ್ತಾರೆ. ವೈದ್ಯರು ಇದನ್ನು ‘ಡೆಲಿರಿಯಂ ಟ್ರೆಮೆನ್ಸ್’ ಅಂತಾರೆ. ಚಿಕಿತ್ಸೆ ಸಿಗದಿದ್ದರೆ ಸಾವು ಸಂಭವಿಸಬಹುದು. ಮನೆಯವರು ಇದನ್ನೇ ‘ಗಾಳಿ ಹಿಡಿದಿದೆ’ ಎಂದುಕೊಂಡು ಮಂತ್ರ ಹಾಕಿಸಲು ಓಡುವುದುಂಟು. ರೂಮಿಗೆ ಹಾಕಿ ಬೀಗ ಜಡಿದು ‘ಮೂರು ದಿನ ಬಿಟ್ರೆ ಸರಿಹೋಗ್ತಾನೆ’ ಎನ್ನುವವರೂ ಇದ್ದಾರೆ.

2020ರ ಲಾಕ್‌ಡೌನ್ ನೆನಪಿರಬಹುದು. ಮಾರ್ಚ್ ಕೊನೆಯ ವಾರದಿಂದ ಮೇ 4ರವರೆಗೆ ರಾಜ್ಯದಲ್ಲಿ ಮದ್ಯದಂಗಡಿ ತೆರೆಯಲಿಲ್ಲ. ಆಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ತೀವ್ರ ತೊಂದರೆಯಿಂದ ಬಂದವರ ಸಂಖ್ಯೆ ಏರಿತು. ಹೀಗಾಗಿ ಮದ್ಯವರ್ಜನ ಶಿಬಿರ ನಡೆಸುವವರು, ಸ್ವಸಹಾಯ ಸಂಘದವರು, ಯುವಕ ಮಂಡಳಿಯವರು ಮೊದಲು ಕಲಿಯಬೇಕಾದದ್ದು ಯಾರನ್ನು ಶಿಬಿರಕ್ಕೆ ಸೇರಿಸಬಹುದು, ಯಾರನ್ನು ನೇರ ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಬೆಳಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸೋಕೆ ಕುಡಿಯಬೇಕಾ, ಸಕ್ಕರೆ ಕಾಯಿಲೆ ಅಥವಾ ಕಾಮಾಲೆ ಇದೆಯಾ ಎಂದು ಕೇಳಬೇಕು. ಒಂದಕ್ಕೆ ‘ಹೌದು’ ಅಂದರೂ ವೈದ್ಯರು ನೋಡದೆ ನಿಲ್ಲಿಸಬಾರದು. ಆಸ್ಪತ್ರೆಯಲ್ಲಿ ನಡುಕ, ಫಿಟ್ಸ್ ತಡೆಯುವ ಮಾತ್ರೆ, ಥಯಮಿನ್ ಎಂಬ ಬಿ-1 ವಿಟಮಿನ್ ಕೊಟ್ಟು ನಿಧಾನಕ್ಕೆ ಬಿಡಿಸುತ್ತಾರೆ.

ಕಲಿಸುವವರು ಯಾರು?

ದೆಹಲಿಯ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ ಕೇಂದ್ರ ಸರ್ಕಾರದ ಕಡೆಯಿಂದ ಈ ತರಬೇತಿಗೆ ಮುಖ್ಯ ಸಂಸ್ಥೆ. ಸರ್ಕಾರದ ಅನುದಾನದಲ್ಲಿ ನಡೆಯುವ ವ್ಯಸನಿಗಳ ಪುನರ್ವಸತಿ ಕೇಂದ್ರಗಳ ಕೌನ್ಸೆಲರ್, ನರ್ಸ್, ವಾರ್ಡ್ ಸಿಬ್ಬಂದಿಗೆ ಅದು ಮತ್ತು ಅದರ ಪ್ರಾದೇಶಿಕ ಸಂಸ್ಥೆಗಳು ತರಬೇತಿ ಕೊಡುತ್ತವೆ. ದಕ್ಷಿಣದಲ್ಲಿ ಈ ಕೆಲಸದಲ್ಲಿ ಹಳೆಯ ಹೆಸರು ಚೆನ್ನೈನ ಟಿ.ಟಿ.ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್. ಪತಿಯನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಸಂಸ್ಥೆ ಇದು. ಹಳ್ಳಿಯಲ್ಲೇ ಶಿಬಿರ ಮಾಡಿ, ಊರಿನವರನ್ನೇ ಕಾವಲಿಗೆ ನಿಲ್ಲಿಸುವ ಇವರ ಪದ್ಧತಿ ಬಹಳ ಕಡೆ ಮಾದರಿಯಾಯಿತು.

ಕರ್ನಾಟಕದವರಿಗೆ ಹತ್ತಿರದ್ದು ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿನ ವ್ಯಸನ ಚಿಕಿತ್ಸಾ ವಿಭಾಗ ವೈದ್ಯರಿಗೂ, ಕೌನ್ಸೆಲರ್‌ಗಳಿಗೂ ತರಬೇತಿ ಕೊಡುತ್ತದೆ. ಇದರಲ್ಲಿ ತಾಲೂಕಿನವರಿಗೆ ಅನುಕೂಲವಾದದ್ದು ಆನ್‌ಲೈನ್ ಕಲಿಕೆ. ‘ಎಕೋ’ ಎಂಬ ಈ ಮಾದರಿಯನ್ನು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಶುರು ಮಾಡಿದ್ದು. ಊರಲ್ಲೇ ಕೂತ ವೈದ್ಯರೋ ಕೌನ್ಸೆಲರೋ ತಮ್ಮ ಬಳಿ ಬಂದ ನಿಜ ಪ್ರಕರಣವನ್ನು, ಹೆಸರು ಹೇಳದೆ, ವಿಡಿಯೊ ಮೂಲಕ ತಜ್ಞರ ಮುಂದಿಡುತ್ತಾರೆ. ಉಳಿದವರೂ ಕೇಳಿ ಕಲಿಯುತ್ತಾರೆ. ಬಸ್ ಖರ್ಚಿಲ್ಲ, ರಜೆ ಹಾಕುವ ಗೋಜಿಲ್ಲ. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮಾನಸಿಕ ಆರೋಗ್ಯದ ಕೋರ್ಸ್‌ಗಳಿವೆ. ಎಂಎಸ್‌ಡಬ್ಲ್ಯು ಓದಿದ ಯುವಕ ಯುವತಿಯರಿಗೆ ಇದೊಂದು ಉದ್ಯೋಗದ ದಾರಿಯೂ ಹೌದು. ಸಂಬಳ ದೊಡ್ಡದೇನಲ್ಲ ಎಂಬುದನ್ನೂ ಹೇಳಿಬಿಡಬೇಕು, ಎಷ್ಟೋ ಜನ ಕಲಿತು ಬಿಟ್ಟು ಹೋಗುವುದು ಆ ಕಾರಣಕ್ಕೇ.

2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಶುರುವಾದ ನಶಾ ಮುಕ್ತ ಭಾರತ ಅಭಿಯಾನ ಈಗ ಎಲ್ಲ ಜಿಲ್ಲೆಗೂ ವಿಸ್ತರಿಸಿದೆ. ಇದರಡಿ ಸ್ವಯಂಸೇವಕರಿಗೂ ತರಬೇತಿ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳೂ, ಶಿಬಿರ ಮುಗಿಸಿದವರ ನವಜೀವನ ಸಮಿತಿಗಳೂ ರಾಜ್ಯದ ಬಹುತೇಕ ಕಡೆ ಪರಿಚಿತ. ಬಿಟ್ಟ ಮೇಲೆ ಮತ್ತೆ ಜಾರುವುದು ಈ ಕಾಯಿಲೆಯ ಸ್ವಭಾವವಾದ್ದರಿಂದ, ಶಿಬಿರದ ದಿನಗಳಿಗಿಂತ ಅದರ ನಂತರದ ತಿಂಗಳುಗಳಲ್ಲಿ ಜತೆಗಿರುವ ಇಂಥ ಸಮಿತಿಗಳ ಪಾತ್ರ ದೊಡ್ಡದು.

ಅಂಗಡಿಯವರು ತಿಳಿದಿರಬೇಕಾದ್ದು

ತಡೆಯುವ ಕೆಲಸದ ಮೊದಲ ಬಾಗಿಲು ಅಂಗಡಿ ಕಟ್ಟೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟರೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ‘ಅಪ್ಪ ತರೋಕೆ ಹೇಳಿದ್ರು’ ಎಂಬುದು ನೆಪವಾಗಿ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿಯಿಂದ ಬೀಡಿ, ಸಿಗರೇಟು, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿದೆ. ಶಾಲೆ-ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ. ಬಿಡಿ ಸಿಗರೇಟು ಮಾರುವುದೂ ತಪ್ಪು. ಇನ್ನು ಕೆಲವು ಹಳ್ಳಿಗಳ ಕಿರಾಣಿ ಅಂಗಡಿಯಲ್ಲಿ ಬೇಳೆ-ಬೆಲ್ಲದ ಜತೆ ಮದ್ಯದ ಪ್ಯಾಕೆಟ್ಟೂ ಸಿಗುವ ಸಂಗತಿ. ಮಹಿಳೆಯರು ಗ್ರಾಮಸಭೆಗಳಲ್ಲಿ ಕೂಗಿ ಹೇಳುತ್ತಲೇ ಇರುವುದು ಇದನ್ನೇ. ಲೈಸೆನ್ಸ್ ಇಲ್ಲದೆ ಮಾರುವುದು ಅಬಕಾರಿ ಕಾಯ್ದೆಯಡಿ ಅಪರಾಧ.

ಮೆಡಿಕಲ್ ಶಾಪ್‌ನವರಿಗೆ ನಿಯಮ ಗೊತ್ತೇ ಇದೆ. ಟ್ರಮಡಾಲ್, ಅಲ್ಪ್ರಜೋಲಮ್ ತರಹದ ಎಚ್-1 ಪಟ್ಟಿಯ ಔಷಧಿಗೆ ಚೀಟಿ ಬೇಕು, ವೈದ್ಯರ ಮತ್ತು ರೋಗಿಯ ಹೆಸರು ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಟ್ರಮಡಾಲ್ 2018ರಿಂದ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೂ ಬಂದಿದೆ. ಸ್ಟೇಷನರಿ, ಹಾರ್ಡ್‌ವೇರ್, ಸೈಕಲ್ ಶಾಪ್‌ನವರು ಸುಮ್ಮನೆ ಗಮನಿಸಿದರೂ ಸಾಕು. ಸೈಕಲ್ಲೇ ಇಲ್ಲದ ಹುಡುಗ ದಿನಾ ಸೊಲ್ಯೂಷನ್ ಟ್ಯೂಬ್ ಕೇಳಿದರೆ, ಯೂನಿಫಾರಂ ತೋಳಿನಲ್ಲಿ ಥಿನ್ನರ್ ವಾಸನೆ ಬಂದರೆ, ಬೈದು ಓಡಿಸುವ ಬದಲು ಮನೆಯವರಿಗೋ ಶಿಕ್ಷಕರಿಗೋ ತಿಳಿಸುವುದು ಲೇಸು. ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಬಹುದು.

ಪೊಲೀಸ್ ಭಯ, ಖಾಸಗಿ ಕೇಂದ್ರಗಳ ವಿಚಾರ

‘ಆಸ್ಪತ್ರೆಗೆ ಹೋದ್ರೆ ಕೇಸ್ ಹಾಕ್ತಾರೆ’ ಎಂಬ ಹೆದರಿಕೆಯಿಂದಲೇ ಎಷ್ಟೋ ಮನೆಯವರು ಸುಮ್ಮನಿರುತ್ತಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64-ಎ ಸೆಕ್ಷನ್, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾವಾಗಿಯೇ ಚಿಕಿತ್ಸೆಗೆ ಬಂದ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮುಗಿಸಬೇಕು ಎಂಬುದು ಷರತ್ತು. ಮಾರಾಟಗಾರರಿಗೆ ಈ ರಿಯಾಯಿತಿ ಇಲ್ಲ.

ಖಾಸಗಿ ಕೇಂದ್ರಕ್ಕೆ ಸೇರಿಸುವ ಮುಂಚೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ, ವೈದ್ಯರು ಬರ್ತಾರಾ, ಕೌನ್ಸೆಲರ್ ಎಲ್ಲಿ ಕಲಿತವರು, ಮನೆಯವರಿಗೆ ಭೇಟಿಗೆ ಬಿಡ್ತಾರಾ ಎಂದು ಕೇಳಬೇಕು. ಸರಪಳಿ ಹಾಕುವುದು ಕಾನೂನುಬಾಹಿರ, ಹೊಡೆಯುವುದು ಚಿಕಿತ್ಸೆಯಲ್ಲ. ನೋಂದಣಿ ಪತ್ರ ತೋರಿಸಲು ಹಿಂಜರಿದರೆ ವಾಪಸ್ ಬರುವುದೇ ಸರಿ.

ವ್ಯಸನಮುಕ್ತಿ ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416, ಕನ್ನಡದಲ್ಲೂ ಮಾತಾಡ್ತಾರೆ. ಮಾದಕ ವಸ್ತು ಮಾರಾಟದ ಮಾಹಿತಿ ಕೊಡಲು 1933. ಫಿಟ್ಸ್ ಬಂದರೆ, ಜ್ಞಾನ ತಪ್ಪಿದರೆ ಯಾವುದಕ್ಕೂ ಕಾಯದೆ 108. ತಾಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ, ಎಷ್ಟು ಗಂಟೆಗೆ ಎಂಬುದನ್ನು ಹೊರರೋಗಿ ಚೀಟಿ ಕೌಂಟರ್‌ನಲ್ಲಿ ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು.