ಬಲೀಂದ್ರನ ಮರ, ಕೊರೆದ ಕುಂಬಳ

ಅಮೆರಿಕದಲ್ಲಿ ಅಕ್ಟೋಬರ್ 31ರ ಸಂಜೆ ಕುಂಬಳಕಾಯಿಗೆ ಕಣ್ಣು, ಬಾಯಿ ಕೊರೆದು, ಒಳಗೆ ದೀಪವಿಟ್ಟು ಮನೆಬಾಗಿಲಲ್ಲಿ ಇಡುತ್ತಾರೆ. ಈ ಹ್ಯಾಲೋವೀನ್ ಈಗ ಮೊಗ್ರಾಲಿನ ಮಕ್ಕಳಿಗೂ ಗೊತ್ತು. ಹೊರದೇಶದ ನೆಂಟರ ಫೋಟೋಗಳು ಮೊಬೈಲಿಗೆ ಬರುತ್ತವಲ್ಲ! ಕಳೆದ ವರ್ಷ ನಮ್ಮಲ್ಲೂ, "ನಾವೂ ಒಂದು ಚೀನಿಕಾಯಿ ಕೊರೆಯುವನಾ ಅಜ್ಜಾ?" ಎಂಬ ಬೇಡಿಕೆ ಬಂತು. ಬೇಡವೆನ್ನಲು ಕಾರಣ ಕಾಣಲಿಲ್ಲ. ಆದರೆ ಆ ಹಬ್ಬದ ಪೂರ್ವೋತ್ತರ ಹುಡುಕುತ್ತ ಹೋದವನು ಕೊನೆಗೆ ನಮ್ಮ ಅಂಗಳಕ್ಕೇ ಬಂದು ನಿಂತೆ.

ಅದರ ಮೂಲ ಐರ್ಲೆಂಡಿನ ಕಡೆಯ ಹಳೆಯ ಸುಗ್ಗಿಯ ಕೊನೆಯ ಹಬ್ಬ. ಹೆಸರಿನ ಉಚ್ಚಾರ ‘ಸಾವಿನ್’. ನಮ್ಮ ಸಾವಿಗೂ ಅದಕ್ಕೂ ನಂಟಿಲ್ಲ, ಆದರೂ ಸತ್ತವರು ಮನೆಗೆ ಬರುವ ರಾತ್ರಿಯೆಂದೇ ಅವರ ನಂಬಿಕೆ. ಅವರು ಕೊರೆಯುತ್ತಿದ್ದುದು ಟರ್ನಿಪ್ ಗೆಡ್ಡೆಯನ್ನು. 1845ರಲ್ಲಿ ತೊಡಗಿದ ಬಟಾಟೆ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟು ಅಮೆರಿಕ ಸೇರಿದರು. ಅಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಕುಂಬಳ. ನಾವು ಚೀನಿಕಾಯಿ ಎಂದರೂ, ತುಳುವರು ಕೆಂಬುಡೆ, ಮಲಯಾಳಿಗಳು ಮತ್ತನ್ ಎಂದರೂ ಅದು ಅಮೆರಿಕ ಖಂಡದ ಬಳ್ಳಿಯೇ. ಹಡಗು ಹತ್ತಿ ಬಂದದ್ದು. ಬೂದುಗುಂಬಳ ಹಾಗಲ್ಲ, ಏಷ್ಯಾದ್ದೇ. ಅದಕ್ಕೆ ನಮ್ಮಲ್ಲಿ ಮರ್ಯಾದೆಯೂ ಹೆಚ್ಚು: ಇಡೀ ಕಾಯಿಗೆ ಮೊದಲ ಕತ್ತಿ ಹೆಂಗಸರು ಹಾಕಬಾರದೆಂಬ ಕಟ್ಟಳೆ ಅನೇಕ ಮನೆಗಳಲ್ಲಿದೆ. ಬೆಂಗಳೂರಿನಲ್ಲಿ ಹೊಸಮನೆಯ ಮುಂದೆ ರಾಕ್ಷಸನ ಮುಖ ಬರೆದು ದೃಷ್ಟಿಗೆಂದು ತೂಗಹಾಕುವುದೂ ಇದನ್ನೇ.

ನಮ್ಮ ಕಡೆ ಅದೇ ಹೊತ್ತಿಗೆ, ಹೆಚ್ಚುಕಡಿಮೆ ಅದೇ ವಾರಗಳಲ್ಲಿ, ಮನೆ ಸಿಂಗಾರವಾಗುವುದು ಬಲೀಂದ್ರನಿಗಾಗಿ. ಅಂಗಳಕ್ಕೆ ಸೆಗಣಿ ಸಾರಿಸಿ, ಹಾಲೆಮರದ ಗೆಲ್ಲು ತಂದು ನೆಟ್ಟು, ಕಾಡುಹೂಗಳಿಂದ ಅಲಂಕರಿಸುತ್ತಾರೆ. ಕತ್ತಲಾದ ಮೇಲೆ ಗದ್ದೆಯ ಬದಿಗೂ ದೀಪ ಒಯ್ದು, ಅಕ್ಕಿ, ಹೂ, ಅವಲಕ್ಕಿ ಇಟ್ಟು "ಕೂ" ಎಂದು ಕರೆಯುತ್ತಾರೆ. ಕರೆಯುವ ಮಾತೇ ವಿಚಿತ್ರ. ಎಂದೂ ಆಗದ ಹೋಗದ ಕಾಲಗಳನ್ನು ಹೆಸರಿಸಿ, ಆಗ ಬಂದು ನಿನ್ನ ರಾಜ್ಯ ಪಡೆದುಕೋ ಎನ್ನುತ್ತಾರೆ. ನೆಲ ಕಳಕೊಂಡ ಅರಸನನ್ನು ಇಷ್ಟು ಪ್ರೀತಿಯಿಂದ ಕರೆದು ಇಷ್ಟು ನಯವಾಗಿ ಹೊರಗೇ ನಿಲ್ಲಿಸುವ ಜಾಣತನ ನನಗೆ ಬೇರೆಲ್ಲೂ ಕಂಡಿಲ್ಲ. ಹಾಲೆಗೆಲ್ಲು ನೆಡಲು ಅಂಗಳವಾದರೂ ಉಳಿದಿದೆ. ದೀಪ ಒಯ್ಯಲು ಗದ್ದೆ ಎಷ್ಟು ಮನೆಯವರಿಗಿದೆ?

1956ರ ನವೆಂಬರ್ 1ರಂದು ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಆ ವರ್ಷದ ದೀಪಾವಳಿ ಅಮಾವಾಸ್ಯೆ ಮರುದಿನವೇ, ನವೆಂಬರ್ 2ರಂದು. ರಾಜ್ಯ ಹೋದ ದೊರೆಗೆ ದೀಪವಿಡುವ ವಾರದಲ್ಲೇ ನಮಗೆ ರಾಜ್ಯ ಬದಲಾಯಿತು! ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಮೊಗ್ರಾಲೂ ಆ ಭಾಗದಲ್ಲೇ ಇದೆ. ಸೇರಲಿಲ್ಲ.

ಅಂದಿನಿಂದ ನಮ್ಮ ಮಕ್ಕಳಿಗೆ ಬಲಿ ವರ್ಷಕ್ಕೆರಡು ಬಾರಿ ಬರುತ್ತಾನೆ. ಚಿಂಗದ ಓಣಂಗೆ ಬರುವ ಮಾವೇಲಿಗೆ ಶಾಲೆ ಹತ್ತಿರ ಹತ್ತು ದಿನ ಮುಚ್ಚುತ್ತದೆ. ದೀಪಾವಳಿಗೆ ಒಂದೇ ದಿನ. ಗಡಿಯಾಚೆ ತಲಪಾಡಿ ದಾಟಿದರೆ ಬಲಿಪಾಡ್ಯಮಿಗೆ ರಜೆ, ಈಚೆ ಪುಸ್ತಕದ ಚೀಲ. ಹೂಕಳಂ ಹಾಕಲು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿತಿದ್ದಾರೆ, ಸಂತೋಷ. ಹಾಲೆಮರ ಯಾವುದೆಂದು ತೋರಿಸಲು ಮಾತ್ರ ಮನೆಯವರೇ ಬಿಡುವು ಮಾಡಿಕೊಳ್ಳಬೇಕು.

ಹಾಗೆಂದು ಇದನ್ನು ಕನ್ನಡ–ಮಲಯಾಳದ ಜಗಳವಾಗಿಸುವಂತಿಲ್ಲ. ಚಂದ್ರಗಿರಿ ದಾಟಿ ತೆಂಕಕ್ಕೆ, ಕಾಞಂಗಾಡು, ನೀಲೇಶ್ವರ, ಚೆರುವತ್ತೂರು ಕಡೆಯ ಮಲಯಾಳ ಮನೆಗಳಲ್ಲಿ ದೀಪಾವಳಿಯಂದು ಅದೇ ಹಾಲೆಯ ಗೆಲ್ಲು ನೆಟ್ಟು, ಅದೇ ದೀಪವಿಟ್ಟು, ಅದೇ ಅರಸನನ್ನು ಕೂಗುತ್ತಾರೆ. ಹೆಸರು ಪೊಲಿಯಂದ್ರಂ. ನಮ್ಮ ಬಲೀಂದ್ರನೇ ಅಲ್ಲಿನ ನಾಲಗೆಯಲ್ಲಿ ಹಾಗಾಗಿದ್ದಾನೆ.