ಮಗ್ಗಿ ಮತ್ತು ಯುಕ್ತಿ: ಕೂಲಿಮಠದ ಲೆಕ್ಕದಲ್ಲಿ ಎರಡು ಬಗೆಯ ಚಿಂತನೆ

ಸರ್ಕಾರಿ ಶಾಲೆಗಳು ಊರೂರಿಗೆ ಹರಡುವ ಮೊದಲು ಕನ್ನಡ ನಾಡಿನ ಹಳ್ಳಿಗಳಲ್ಲಿ ಓದು, ಬರಹ ಮತ್ತು ಲೆಕ್ಕವನ್ನು ಕಲಿಸುತ್ತಿದ್ದುದು ಕೂಲಿಮಠಗಳು, ಅಂದರೆ ಮಕ್ಕಳ ಮನೆಯವರು ಕೊಡುವ ಹಣ ಅಥವಾ ದವಸದಿಂದ ಅಯ್ಯನವರ, ಎಂದರೆ ಉಪಾಧ್ಯಾಯರ, ಜೀವನ ಸಾಗುತ್ತಿದ್ದ ಖಾಸಗಿ ಪಾಠಶಾಲೆಗಳು. ಮನಶ್ಶಾಸ್ತ್ರಜ್ಞರು ಇಂದು ಮನುಷ್ಯನ ವಿವೇಚನೆಯನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ: ಪ್ರಯತ್ನವಿಲ್ಲದೆ ತಟ್ಟನೆ ಹೊಳೆಯುವ ಅಂತರ್ಬೋಧೆ ಒಂದು, ಹೆಜ್ಜೆ ಹೆಜ್ಜೆಯಾಗಿ ಕಾರಣವನ್ನು ಪರಿಶೀಲಿಸುತ್ತ ನಿಧಾನವಾಗಿ ಸಾಗುವ ವಿಶ್ಲೇಷಣೆ ಇನ್ನೊಂದು. ಈ ಎರಡರ ಸಂಬಂಧ ಎಂಥದ್ದು ಎಂಬ ಪ್ರಶ್ನೆಗೆ ಕೂಲಿಮಠದ ಲೆಕ್ಕದ ಪಾಠ ಒಂದು ಹಳೆಯ, ಗಟ್ಟಿಯಾದ ಉತ್ತರವನ್ನು ಉಳಿಸಿಕೊಂಡಿದೆ.

ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ಸ್ಥಿತಿಯನ್ನು ತಿಳಿಯಬಯಸಿದಾಗ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ ಈ ಶಾಲೆಗಳ ಒಳಗನ್ನು ಹತ್ತಿರದಿಂದ ತೋರಿಸುತ್ತದೆ. ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು; ಕಲಿಯುತ್ತಿದ್ದವರು ಒಟ್ಟು 6,641 ಮಂದಿ. ಬೆಳಗಿನ ಆರು ಗಂಟೆಗೆ ಮಠ ಸೇರಬೇಕಿತ್ತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವದ ಗುರುತಾಗಿ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆಯುತ್ತಿದ್ದರು, ಮೂರನೆಯವನಿಂದ ಮುಂದಕ್ಕೆ ಒಂದು, ಎರಡು ಎಂದು ಏಟುಗಳು ಏರುತ್ತ ಹೋಗುತ್ತಿದ್ದವು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ಮಕ್ಕಳು ಮುಂದೆ ಹಲಗೆಗೂ ಕಡತಕ್ಕೂ ಬರುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಬಿರುಸಾಗಿಸಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟ ಬಟ್ಟೆ, ಅದರ ಮೇಲೆ ಬಳಪದಿಂದ ಬರೆದು ಅಳಿಸಬಹುದಿತ್ತು. ಮುಂದುವರಿದ ಹುಡುಗರು ಕಿರಿಯರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ.

ಲೆಕ್ಕದ ಅಡಿಪಾಯ ಮಗ್ಗಿ. ಒಬ್ಬ ಹುಡುಗ ಹೇಳಿಕೊಟ್ಟದ್ದನ್ನು ಉಳಿದವರೆಲ್ಲ ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ಪೂರ್ಣಸಂಖ್ಯೆಗಳ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯೂ, ನಾಣ್ಯ, ತೂಕ, ಅಳತೆಗಳ ಕೋಷ್ಟಕಗಳೂ ಬಾಯಿಪಾಠವಾಗಬೇಕಿತ್ತು. ಇದರ ಫಲ ಬಾಯಿಲೆಕ್ಕದಲ್ಲಿ ಕಾಣುತ್ತಿತ್ತು: ರೂಪಾಯಿಗೆ 16 ಆಣೆ ಇದ್ದ ಕಾಲದಲ್ಲಿ ಸೇರಿಗೆ 7 ಆಣೆಯಾದರೆ 16 ಸೇರಿಗೆ 7 ರೂಪಾಯಿ ಎಂದು ಅಂಗಡಿಯವನು ಬಳಪ ಮುಟ್ಟದೆ ಹೇಳಬಲ್ಲವನಾಗಿದ್ದ. ನೋಡುವವರಿಗೆ ಇದು ಹುಟ್ಟಿನಿಂದ ಬಂದ ಚುರುಕಿನಂತೆ ತೋರಿದರೂ ವಾಸ್ತವದಲ್ಲಿ ಅದು ವರ್ಷಗಳ ಅಭ್ಯಾಸ ಒಳಗಿಳಿದು ನೆಲೆಯೂರಿದ ರೂಪ. ನಿಪುಣರ ಅಂತರ್ಬೋಧೆ ಎಂಬುದು ಹಿಂದೆ ಕಂಡದ್ದನ್ನು ಥಟ್ಟನೆ ಗುರುತಿಸುವ ಶಕ್ತಿಯೇ ಎಂದು ಹರ್ಬರ್ಟ್ ಸೈಮನ್ ಇಪ್ಪತ್ತನೆಯ ಶತಮಾನದಲ್ಲಿ ಪ್ರತಿಪಾದಿಸಿದ್ದು ಇದನ್ನೇ.

ಆದರೆ ಒಳಗಿಳಿದ ಅಭ್ಯಾಸ ತಪ್ಪು ದಾರಿಯಲ್ಲಿಯೂ ಅಷ್ಟೇ ವೇಗವಾಗಿ ಓಡಬಲ್ಲದೆಂಬುದನ್ನು ಭಾರತೀಯ ಗಣಿತಕಾರರು ಬಹಳ ಮೊದಲೇ ಅರಿತಿದ್ದರು. ತಿಳಿದ ಮೂರು ರಾಶಿಗಳಿಂದ ನಾಲ್ಕನೆಯದನ್ನು ಪಡೆಯುವ ಕ್ರಮಕ್ಕೆ ತ್ರೈರಾಶಿಕವೆಂದು ಹೆಸರು; ತಿಳಿದ ಅಳತೆ ಪ್ರಮಾಣ, ಅದರಿಂದ ದೊರೆಯುವುದು ಫಲ, ಹೊಸದಾಗಿ ಕೇಳಿದ ಅಳತೆ ಇಚ್ಛೆ; ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. ಆರು ಆಳುಗಳು ಹನ್ನೆರಡು ದಿನದಲ್ಲಿ ತೋಡುವ ಬಾವಿಯನ್ನು ಒಂಬತ್ತು ಆಳುಗಳು ಎಷ್ಟು ದಿನದಲ್ಲಿ ತೋಡುತ್ತಾರೆಂದು ಕೇಳಿದಾಗ ಇದೇ ಸೂತ್ರವನ್ನು ಕಣ್ಣುಮುಚ್ಚಿ ಹಚ್ಚಿದರೆ 18 ದಿನ ಎಂಬ ಉತ್ತರ ಬರುತ್ತದೆ, ಸರಿಯಾದ ಉತ್ತರವಾದರೋ 8 ದಿನ. ಇಚ್ಛೆ ಹೆಚ್ಚಿದಂತೆ ಫಲ ಕುಗ್ಗುವಲ್ಲಿ ಕ್ರಮವನ್ನು ತಿರುಗಿಸಬೇಕೆಂಬುದೇ ವ್ಯಸ್ತ ತ್ರೈರಾಶಿಕ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಅದು ಎಲ್ಲೆಲ್ಲಿ ಸಲ್ಲುತ್ತದೆಂದು ಹೇಳುವಾಗ ಪ್ರಾಣಿಗಳ ವಯಸ್ಸಿಗೂ ಬೆಲೆಗೂ ಇರುವ ಸಂಬಂಧವನ್ನೂ, ಒಂದೇ ರಾಶಿಯನ್ನು ಬೇರೆ ಬೇರೆ ಗಾತ್ರದ ಕೊಳಗಗಳಿಂದ ಅಳೆಯುವುದನ್ನೂ ಎಣಿಸುತ್ತಾನೆ. ಇಲ್ಲಿ ಗುಣಾಕಾರ ಎರಡರಲ್ಲೂ ಒಂದೇ ತೆರನಾದದ್ದು; ಮಗ್ಗಿ ಅದನ್ನು ಮಾಡಿಕೊಡುತ್ತದೆ, ಆದರೆ ಯಾವುದನ್ನು ಯಾವುದರಿಂದ ಗುಣಿಸಬೇಕೆಂಬ ನಿರ್ಧಾರವನ್ನು ಮಗ್ಗಿ ಮಾಡಲಾರದು.

ಕನ್ನಡ ನಾಡಿನ ಗ್ರಂಥಪರಂಪರೆ ಈ ನಿರ್ಧಾರದ ಶಿಕ್ಷಣವನ್ನು ಕಡೆಗಣಿಸಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯ ಪಡೆದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಕಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು; ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿ ಸೂತ್ರ, ವಿವರಣೆ, ಉದಾಹರಣೆಗಳನ್ನು ಜೊತೆಗೂಡಿಸಿದನು. ಸೂತ್ರದ ಬೆನ್ನಿಗೆ ಬಗೆಬಗೆಯ ಉದಾಹರಣೆಗಳು ಬರುವುದರಿಂದ ಕಲಿಯುವವನು ಪ್ರತಿ ಸಲವೂ ನಿಂತು, ಇಲ್ಲಿ ಯಾವ ಸೂತ್ರ ಸಲ್ಲುತ್ತದೆಂದು ಯೋಚಿಸಲೇಬೇಕಾಗುತ್ತದೆ.

ಕ್ಯಾಂಪ್‌ಬೆಲ್‌ನ ವರದಿಯ ಕಟುವಾದ ಟೀಕೆ ಇದೇ ಅಂಶಕ್ಕೆ ಸೇರಿದ್ದು: ಹುಡುಗರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಒಪ್ಪಿಸುತ್ತಾರೆ, ಆದರೆ ಅವುಗಳ ಅರ್ಥ ಗಿಳಿಗೆ ತಿಳಿದಿರುವುದಕ್ಕಿಂತ ಹೆಚ್ಚಾಗಿ ಅವರಿಗೆ ತಿಳಿದಿಲ್ಲವೆಂದು ಅವನು ಬರೆದನು. ಆ ಟೀಕೆಯನ್ನು ಬಾಯಿಪಾಠವೇ ವ್ಯರ್ಥವೆಂಬ ತೀರ್ಪಾಗಿ ಓದುವುದು ಸರಿಯಲ್ಲ. ದೋಷವಿರುವುದು ಕಂಠಪಾಠದಲ್ಲಲ್ಲ, ಅದರ ಹಿಂದೆ ಅರ್ಥವನ್ನು ಕೂಡಿಸದೆ ಬಿಟ್ಟುದರಲ್ಲಿ.

1957ರ ಏಪ್ರಿಲ್ 1ರಂದು ದಶಮಾನ ನಾಣ್ಯಪದ್ಧತಿ ಜಾರಿಗೆ ಬಂದು ರೂಪಾಯಿಗೆ 100 ನಯಾ ಪೈಸೆಯಾದಾಗ ಬಾಯಿಪಾಠಕ್ಕೂ ಅರ್ಥದ ತಿಳಿವಿಗೂ ಇರುವ ಈ ವ್ಯತ್ಯಾಸ ಪೇಟೆಬೀದಿಯ ವ್ಯವಹಾರಕ್ಕೂ ಮುಟ್ಟುವಂಥದ್ದಾಯಿತು. ಅಂಗಡಿಯವನ ಹದಿನಾರರ ಸುಲಭಸೂತ್ರ ಆಣೆಯ ಲೆಕ್ಕಕ್ಕೆ ಮಾತ್ರ ಹೊಂದುತ್ತಿದ್ದುದರಿಂದ ಅದು ಕ್ರಮೇಣ ಕೆಲಸಕ್ಕೆ ಬಾರದಾಯಿತು. ಆದರೆ ರೂಪಾಯಿಯಲ್ಲಿ ಎಷ್ಟು ಆಣೆಗಳಿವೆಯೋ ಅಷ್ಟು ಸೇರು ಕೊಂಡಾಗ ಆಣೆಯ ದರವೇ ರೂಪಾಯಿಯ ಮೊತ್ತವಾಗುತ್ತದೆಂಬ ಕಾರಣವನ್ನು ಬಲ್ಲವನಿಗೆ, ಒಂದಕ್ಕೆ 7 ಪೈಸೆಯಾದರೆ ನೂರಕ್ಕೆ 7 ರೂಪಾಯಿ ಎಂಬ ಹೊಸ ಸೂತ್ರ ಹಳೆಯದರಿಂದಲೇ ದೊರೆಯುತ್ತದೆ. ಅಂತರ್ಬೋಧೆಯ ವೇಗ ಅದು ಬೆಳೆದ ಪರಿಸರಕ್ಕೆ ಕಟ್ಟುಬಿದ್ದಿರುತ್ತದೆ, ಕಾರಣದ ತಿಳಿವು, ಅಂದರೆ ಯುಕ್ತಿ, ಪರಿಸರ ಬದಲಾದರೂ ಜೊತೆಗೆ ಬರುತ್ತದೆ. ಆದ್ದರಿಂದ ಮಗ್ಗಿಯನ್ನು ಬಿಟ್ಟುಕೊಟ್ಟ ಶಿಕ್ಷಣ, ಗುಣಾಕಾರಕ್ಕೇ ಗಮನವೆಲ್ಲ ವ್ಯಯವಾಗುವಂತೆ ಮಾಡಿ, ವಿಶ್ಲೇಷಣೆಗೆ ಬೇಕಾದ ಬಿಡುವನ್ನೇ ಮನಸ್ಸಿನಿಂದ ಕಸಿಯುತ್ತದೆ, ಯುಕ್ತಿಯನ್ನು ಬಿಟ್ಟುಕೊಟ್ಟ ಶಿಕ್ಷಣ ನಾಣ್ಯವೊಂದು ಬದಲಾದರೆ ಸಾಕು, ಕಲಿತವನನ್ನು ಕೈಬಿಡುತ್ತದೆ.